ಮೇಳ ಬದಲಾಗುವ ಕಾಲ

ದೀಪಾವಳಿಗೆ ಮೊದಲು ಮೆಲ್ಬರ್ನಿನ ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಂಚಿಕೆ ನಿಮ್ಮ ಕೈ ಸೇರಬೇಕು. ಪುಟ ಜೋಡಿಸುವ ಗೆಳೆಯರು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಎಲ್ಲವನ್ನೂ ಕೇಳಿದ್ದಾರೆ. ಉಳಿದಿರುವುದು ಈ ಒಂದು ಪುಟ. ರಾಜ್ಯೋತ್ಸವದ ಬಗ್ಗೆ ಬರೆಯಲೆಂದೇ ಕುಳಿತೆ. ಆದರೆ ದಸರಾ ಊಟದ ಸಾಲಿನಲ್ಲಿ, ಕನ್ನಡ ತರಗತಿಯ ಹೊರಗಿನ ಮೆಟ್ಟಿಲುಗಳ ಮೇಲೆ, ನಮ್ಮ ಮನೆಯ ಊಟದ ಮೇಜಿನಲ್ಲಿ ಇಷ್ಟು ದಿನ ಕಿವಿಗೆ ಬಿದ್ದದ್ದು ಒಂದೇ ಮಾತು: ಫೂಟಿ ಆಟಗಾರ ಚಾರ್ಲಿ ಕರ್ನೌ ತಮ್ಮ ಕಾರ್ಲ್ಟನ್ ಕ್ಲಬ್ ಬಿಡುತ್ತಾರೋ ಇಲ್ಲವೋ. ಅದನ್ನು ಪಕ್ಕಕ್ಕಿಟ್ಟು ಬೇರೆ ಬರೆಯಲು ಮನಸ್ಸು ಒಪ್ಪುತ್ತಿಲ್ಲ.

ಫೂಟಿ ಎಂದರೆ ಇಲ್ಲಿಯ ಆಸ್ಟ್ರೇಲಿಯನ್ ಫುಟ್‌ಬಾಲ್. 2025ರ ಋತು ಸೆಪ್ಟೆಂಬರ್ 27ಕ್ಕೇ ಮುಗಿದಿತ್ತು. ನವರಾತ್ರಿಯ ನಡುವೆ ಬಂದ ಆ ಶನಿವಾರ ಎಂಸಿಜಿ ಮೈದಾನದಲ್ಲಿ ಬ್ರಿಸ್ಬೇನ್ ಲಯನ್ಸ್ ತಂಡ ಜಿಲಾಂಗ್ ತಂಡವನ್ನು 47 ಅಂಕಗಳಿಂದ ಸೋಲಿಸಿ ಸತತ ಎರಡನೇ ವರ್ಷ ಪ್ರಶಸ್ತಿ ಗೆದ್ದಿತು. ಆದರೆ ಮೆಲ್ಬರ್ನಿನಲ್ಲಿ ಆಟ ನಿಂತ ಮೇಲೆಯೇ ಮಾತು ಏರುತ್ತದೆ. ಅಕ್ಟೋಬರ್ 6ರಿಂದ 15ರ ಸಂಜೆ ಏಳೂವರೆಯವರೆಗೆ ಆಟಗಾರರು ಕ್ಲಬ್ ಬದಲಿಸುವ ಟ್ರೇಡ್ ಅವಧಿ. ಈ ಆಟದಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಬೇರೆ ಕ್ಲಬ್‌ಗೆ ಕಳುಹಿಸುವಂತಿಲ್ಲ. ಹಾಗೆಯೇ ಒಪ್ಪಂದ ಉಳಿದಿರುವಾಗ ಆಟಗಾರನೊಬ್ಬನೇ ಹಟ ಹಿಡಿದು ಹೋಗುವಂತೆಯೂ ಇಲ್ಲ. ಆಟಗಾರ, ಎರಡು ಕ್ಲಬ್‌ಗಳು, ಹೀಗೆ ಮೂರು ಕಡೆಯವರೂ ತಲೆಯಾಡಿಸಬೇಕು. ಒಂದೇ ಕ್ಲಬ್‌ನಲ್ಲಿ ಎಂಟು ವರ್ಷ ಆಡಿ ಒಪ್ಪಂದ ಮುಗಿಸಿದವರು ಫ್ರೀ ಏಜೆಂಟ್ ಆಗಿ ಹೊರಡಬಹುದು. 2012ರಲ್ಲಿ ಬಂದ ಈ ನಿಯಮದಿಂದ ಆಟಗಾರರಿಗೆ ಉಸಿರಾಡಲು ಜಾಗ ಸಿಕ್ಕಿತು, ಅಭಿಮಾನಿಗಳಿಗೆ ಅಕ್ಟೋಬರ್ ತಿಂಗಳ ನಿದ್ದೆ ಹೋಯಿತು.

ನಮ್ಮ ಸಂಘದಲ್ಲಿ ಕಾರ್ಲ್ಟನ್ ಅಭಿಮಾನಿಗಳು ಬಹಳ. ಅವರಿಗೆ ಇದು ಕೆಟ್ಟ ವರ್ಷ. ಟಾಮ್ ಡಿ ಕೋನಿಂಗ್ ಸೇಂಟ್ ಕಿಲ್ಡಾಕ್ಕೆ ಹೋದರು. ಅವರ ಹಿಂದೆಯೇ ಜ್ಯಾಕ್ ಸಿಲ್ವಾನಿ. ಇಟಲಿ ಮೂಲದ ಸಿಲ್ವಾನಿ ಕುಟುಂಬದ ಅಜ್ಜ ಸರ್ಜಿಯೋ, ಅಪ್ಪ ಸ್ಟೀಫನ್, ಮಗ ಜ್ಯಾಕ್ ಮೂವರೂ ಅದೇ ಕಡುನೀಲಿ ಅಂಗಿ ತೊಟ್ಟವರು. ಮೂರನೇ ತಲೆಮಾರಿನವರು ಊರಿನ ಆಚೆ ಬದಿಯ ಕ್ಲಬ್ ಸೇರಿದ ಸುದ್ದಿ ಕೇಳಿದಾಗ ನಮ್ಮ ತಬಲಾ ಮಾಸ್ತರರು ಹಿಡಿದಿದ್ದ ಹೋಳಿಗೆಯ ತಟ್ಟೆಯನ್ನು ಹಾಗೆಯೇ ಮೇಜಿನ ಮೇಲಿಟ್ಟು ಹೊರಗೆ ಹೋಗಿ ನಿಂತರು. ಕರ್ನೌ ವಿಷಯದಲ್ಲಿ ಸಭಾಂಗಣವೇ ಎರಡಾಯಿತು. 2021ರಲ್ಲಿ ಹ್ಯಾರಿ ಮೆಕೇ, 2022 ಮತ್ತು 2023ರಲ್ಲಿ ಕರ್ನೌ. ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಕೋಲ್‌ಮನ್ ಪದಕ ಮೂರು ವರ್ಷ ಕಾರ್ಲ್ಟನ್ ಮನೆಯಲ್ಲೇ ಇತ್ತು. ಆದರೂ 1995ರ ನಂತರ ಪ್ರಶಸ್ತಿಯಿಲ್ಲ. "ಇಬ್ಬರನ್ನೂ ಇಟ್ಟುಕೊಂಡು ಏನು ಗೆದ್ದೆವು? ಒಬ್ಬರನ್ನು ಕೊಟ್ಟು ಎಳೆಯರನ್ನು ತರೋಣ" ಎಂದು ಒಂದು ಗುಂಪು. "2029ರವರೆಗೆ ಒಪ್ಪಂದವಿದೆ, ಹೇಗೆ ಹೋಗುತ್ತಾರೆ ನೋಡೋಣ" ಎಂದು ಇನ್ನೊಂದು. ಕೊನೆಗೆ ಅವರು ಸಿಡ್ನಿ ಸ್ವಾನ್ಸ್ ಸೇರಿದರು. ಕಾರ್ಲ್ಟನ್‌ಗೆ ವಿಲ್ ಹೇವರ್ಡ್ ಬಂದರು, ಜೊತೆಗೆ ಡ್ರಾಫ್ಟ್‌ನಲ್ಲಿ ಎಳೆಯ ಆಟಗಾರರನ್ನು ಆರಿಸಿಕೊಳ್ಳುವ ಅವಕಾಶಗಳು ಸಿಕ್ಕವು. ಎಸೆಂಡನ್ ಅಭಿಮಾನಿಗಳ ಕಥೆ ಇದರ ತಿರುವುಮುರುವು. ಆಗ ಅವರ ನಾಯಕರಾಗಿದ್ದ ಜ್ಯಾಕ್ ಮೆರೆಟ್ ಹಾಥಾರ್ನ್‌ಗೆ ಹೋಗಬೇಕೆಂದು ಕೇಳಿದರು, ಕ್ಲಬ್ ಬಿಡಲಿಲ್ಲ. ಹೋಗಬೇಕೆಂದವರನ್ನು ಉಳಿಸಿಕೊಂಡ ಮನೆಯಲ್ಲಿ ಮುಂದಿನ ವರ್ಷ ಹೇಗಿರುತ್ತದೆ ಎಂಬ ಚಿಂತೆ ಅವರಿಗೆ.

ಈ ಗದ್ದಲ ಕೇಳುತ್ತ ಪಾತ್ರೆ ತೊಳೆಯುತ್ತಿದ್ದ ನನಗೆ ನೆನಪಾದದ್ದು ಕುಂದಾಪುರದ ಮಳೆಗಾಲ.

ಮಳೆಗಾಲಕ್ಕೆ ಮುನ್ನ ಬರುವ ಪತ್ತನಾಜೆಯ ದಿನ ಮೇಳಗಳು, ಅಂದರೆ ಯಕ್ಷಗಾನದ ತಂಡಗಳು, ಗೆಜ್ಜೆ ಬಿಚ್ಚಿದ ಮೇಲೆ ನಮ್ಮೂರಿನಲ್ಲಿ ಯಕ್ಷಗಾನವಿಲ್ಲ. ತಿರುಗಾಟ ಮತ್ತೆ ಶುರುವಾಗುವುದು ದೀಪಾವಳಿ ಕಳೆದ ಮೇಲೆ. ನಡುವಿನ ತಿಂಗಳುಗಳಲ್ಲಿ ಕಲಾವಿದರು ಗದ್ದೆ ತೋಟ ನೋಡಿಕೊಳ್ಳುತ್ತಿದ್ದರು, ಯಜಮಾನರು ಮುಂಗಡದ ಹಣ ಹಿಡಿದು ಮನೆ ಮನೆಗೆ ಹೋಗುತ್ತಿದ್ದರು, ಅಭಿಮಾನಿಗಳು ಹೋಟೆಲಿನ ಬೆಂಚಿನ ಮೇಲೆ ಕುಳಿತು ಮೇಳ ಕಟ್ಟುತ್ತಿದ್ದರು. ಕಾಳಿಂಗ ನಾವಡರು ಸಾಲಿಗ್ರಾಮ ಮೇಳದಲ್ಲಿ ಹಾಡುತ್ತಿದ್ದ ಕಾಲ ಅದು. ಅಂಗಡಿಯಿಂದ ಬೆಲ್ಲ ತರಲು ಹೋದವಳು ನಾನು ಅಜ್ಜನ ಪಕ್ಕ ನಿಂತುಬಿಡುತ್ತಿದ್ದೆ. ಹಂಚಿನ ಮಾಡಿನಿಂದ ನೀರು ಸುರಿಯುತ್ತಿರುತ್ತಿತ್ತು. ಈ ಸಲ ಪೆರ್ಡೂರು ಮೇಳಕ್ಕೆ ಎರಡನೇ ವೇಷ ಯಾರು? ಆ ಸ್ತ್ರೀವೇಷದವರು ಅಮೃತೇಶ್ವರಿ ಮೇಳ ಬಿಟ್ಟದ್ದು ನಿಜವೇ? ಇಂಥ ಚೆಂಡೆಯವರಿಗೂ ಅಂಥ ಭಾಗವತರಿಗೂ ಹೊಂದುತ್ತದೆಯೇ? ಯಾರಿಗೂ ಖಚಿತವಾಗಿ ಏನೂ ಗೊತ್ತಿರಲಿಲ್ಲ, ಎಲ್ಲರ ಬಳಿಯೂ ಸುದ್ದಿಯಿತ್ತು. ಯಜಮಾನರ ಕಾರು ಯಾರ ಮನೆಯ ಮುಂದೆ ನಿಂತಿತ್ತು ಎಂಬುದರ ಮೇಲೆ ಒಂದು ಮಧ್ಯಾಹ್ನವಿಡೀ ವಾದ ನಡೆಯುತ್ತಿತ್ತು.

ಅಜ್ಜನಿಗೆ ಒಬ್ಬ ಪುರುಷವೇಷಧಾರಿಯ ಮೇಲೆ ಪ್ರಾಣ. ಅವರ ಹೆಸರು ಬರೆಯುವುದಿಲ್ಲ, ಅವರ ಮಕ್ಕಳು ಈಗಲೂ ಊರಿನಲ್ಲಿದ್ದಾರೆ. ಒಂದು ಮಳೆಗಾಲ ಅವರು ಮೇಳ ಬದಲಿಸಿದರು. ಹೆಚ್ಚಿನ ಸಂಬಳಕ್ಕೆ ಹೋದರು ಎಂದರು ಕೆಲವರು, ಹಳೆಯ ಮೇಳದಲ್ಲಿ ಒಳ್ಳೆಯ ಪಾತ್ರ ಕೊಡಲಿಲ್ಲ ಎಂದರು ಇನ್ನು ಕೆಲವರು. ಅಜ್ಜ ಎರಡು ಕಡೆಗೂ ಸೇರದೆ ಬೆಂಚಿಗೆ ಹೋಗುವುದನ್ನೇ ನಿಲ್ಲಿಸಿದರು. ತಿರುಗಾಟ ಶುರುವಾಗಿ ಕರಪತ್ರ ಬಂತು; ಅದರಲ್ಲಿ ಆ ಹೆಸರು ಬೇರೆ ಮೇಳದ ಹೆಸರಿನ ಕೆಳಗಿತ್ತು. ಅಜ್ಜ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿ, ಮಡಿಸಿ ಪಂಚಾಂಗದೊಳಗೆ ಇಟ್ಟರು. ಮಾಘದಲ್ಲಿ ಆ ಮೇಳ ನಮ್ಮ ಪಕ್ಕದ ಗದ್ದೆಗೇ ಬಂದಾಗಲೂ ಮೊದಲು ಹೊರಡಲಿಲ್ಲ. ಚೆಂಡೆ ಕೇಳಿದ ಮೇಲೆ ಕಂಬಳಿ ಹೊದ್ದು, ನನ್ನ ಕೈ ಹಿಡಿದು ಹೊರಟು, ಕಟ್ಟಕಡೆಯ ಸಾಲಿನಲ್ಲಿ ಕುಳಿತರು. ಬೆಳಗಿನ ಜಾವದವರೆಗೆ ಒಂದು ಮಾತೂ ಆಡಲಿಲ್ಲ. ಮಂಗಳ ಹಾಡಿದ ಮೇಲೆ ನೇರವಾಗಿ ಚೌಕಿಗೆ, ಕಲಾವಿದರು ಬಣ್ಣ ಹಚ್ಚುವ ಜಾಗಕ್ಕೆ, ನಡೆದರು.

ಆ ಕಲಾವಿದರು ವೇಷದ ಪೆಟ್ಟಿಗೆಗೆ ಒರಗಿ ಕುಳಿತು ಅಂಗೈಯಲ್ಲಿ ತೆಂಗಿನೆಣ್ಣೆ ಸುರಿದುಕೊಂಡು ಮುಖದ ಬಣ್ಣ ತಿಕ್ಕುತ್ತಿದ್ದರು. ಅರ್ಧ ಮುಖ ಅರ್ಜುನನದು, ಅರ್ಧ ಮುಖ ದಣಿದ ಒಬ್ಬ ಮನುಷ್ಯನದು. ಅಜ್ಜನನ್ನು ಕಂಡು ಎದ್ದು ನಿಂತರು. ಚೌಕಿಯಲ್ಲಿ ಯಾರ ಪೆಟ್ಟಿಗೆ ಎಲ್ಲಿ ಎಂಬುದಕ್ಕೂ ಕ್ರಮವಿದೆ. ಅಜ್ಜ ಸುತ್ತ ನೋಡಿ ಕೇಳಿದ್ದು ಇಷ್ಟೇ: "ಪೆಟ್ಟಿಗೆಗೆ ಸರಿಯಾದ ಜಾಗ ಕೊಟ್ಟಿದ್ದಾರಾ?" ಅವರು ಹೌದೆಂದರು. "ಊಟ?" ಅದಕ್ಕೂ ಹೌದೆಂದರು. ಅಜ್ಜ ಸೊಂಟದಿಂದ ಎಲೆ ಅಡಿಕೆಯ ಚೀಲ ತೆಗೆದು ಅವರ ಮುಂದಿಟ್ಟರು. ಮರುದಿನದಿಂದ ಬೆಂಚಿನಲ್ಲಿ ಆ ಮೇಳದ ವಕೀಲರು ಅಜ್ಜನೇ ಆದರು.

ಕರ್ನೌ ಸೇರಿದ ಸ್ವಾನ್ಸ್ ಕೂಡ ಬಿಟ್ಟುಹೋದ ಕ್ಲಬ್ಬೇ. 1982ರಲ್ಲಿ ಸೌತ್ ಮೆಲ್ಬರ್ನಿನಿಂದ ಇಡೀ ತಂಡವೇ ಸಿಡ್ನಿಗೆ ಹೊರಟುಹೋಯಿತು. ನಮ್ಮ ಬೀದಿಯ ಹಿರಿಯ ಮಹಿಳೆಯೊಬ್ಬರ ಬಳಿ ಅಂದಿನ ಕೆಂಪು ಬಿಳಿ ಶಾಲು ಈಗಲೂ ಇದೆ. ಅಂಚಿನ ನೂಲು ಬಿಚ್ಚಿದ ಕಡೆ ಬೇರೆ ಕೆಂಪು ದಾರದಿಂದ ಹೊಲಿದಿದ್ದಾರೆ. ತಂಡ ಹೋದ ವರ್ಷ ಅವರ ಅಪ್ಪ ಆಟ ನೋಡುವುದನ್ನೇ ಬಿಟ್ಟರಂತೆ. ಇವರು ಬಿಡಲಿಲ್ಲ. 1933ರ ನಂತರ ಆ ಕ್ಲಬ್ ಮತ್ತೆ ಗೆದ್ದದ್ದು 2005ರಲ್ಲಿ. ಆ ದಿನ ಅಪ್ಪನ ಸಮಾಧಿಯ ಬಳಿಗೆ ಶಾಲು ಹೊದ್ದು ಹೋಗಿದ್ದೆ ಎಂದು ಹೇಳುವಾಗ ಅವರ ಗಂಟಲು ಕಟ್ಟಿತು.

ನಮ್ಮವರ ಕ್ರಿಕೆಟ್‌ನಲ್ಲಿಯೂ ಈ ಸಂಕಟ ಹೊಸದಲ್ಲ. ಅಲ್ಲಿಯ ಹರಾಜಿನಲ್ಲಂತೂ ಆಟಗಾರನನ್ನು ಯಾವ ಊರು ಬೇಕು ಎಂದು ಕೇಳುವವರೇ ಇಲ್ಲ. 2025ರ ಏಪ್ರಿಲ್‌ನಲ್ಲಿ ಕೆ.ಎಲ್. ರಾಹುಲ್ ಡೆಲ್ಲಿ ತಂಡದ ಪರ ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ 93 ರನ್ ಹೊಡೆದು ಅಜೇಯರಾಗಿ ಉಳಿದು, ಬ್ಯಾಟನ್ನು ನೆಲಕ್ಕೆ ಊರಿ ಇದು ನನ್ನ ನೆಲ ಎಂದು ತೋರಿಸಿದಾಗ ನಮ್ಮ ಮನೆಯಲ್ಲಿ ಆರ್‌ಸಿಬಿ ಸೋತ ದುಃಖವೂ ರಾಹುಲ್ ಗೆದ್ದ ಸಂತೋಷವೂ ಒಟ್ಟಿಗೇ ಇದ್ದವು. ಕರ್ನಾಟಕ ಬಿಟ್ಟು ವಿದರ್ಭಕ್ಕೆ ಹೋಗಿ ಅಲ್ಲಿ ರಣಜಿ ಗೆದ್ದ ಕರುಣ್ ನಾಯರ್ 2025-26ರ ಋತುವಿಗೆ ಮತ್ತೆ ನಮ್ಮಲ್ಲಿಗೆ ಬಂದರು. ಹೋದವರು ಬರುವುದೂ ಉಂಟು.

15ರ ಸಂಜೆ ಏಳೂವರೆ ದಾಟಿದ ಮೇಲೆ ಮಗಳು 30ನೇ ಸಂಖ್ಯೆಯ ಅಂಗಿಯಲ್ಲೇ ನನ್ನ ಬಳಿ ಬಂದು ಕುಳಿತಳು. ಅಳಲಿಲ್ಲ. ಹೇವರ್ಡ್ ಒಳ್ಳೆಯವರೇ, ಡ್ರಾಫ್ಟ್‌ನಲ್ಲೂ ಯಾರಾದರೂ ಸಿಗುತ್ತಾರೆ ಎಂದು ತನಗೆ ತಾನೇ ಲೆಕ್ಕ ಹೇಳಿಕೊಂಡಳು. ಆಮೇಲೆ ಕೇಳಿದಳು: "ಅಮ್ಮಾ, ನಾವೂ ಕೇಳಿಕೊಂಡೇ ಬಂದವರಲ್ಲವಾ? ನಮ್ಮನ್ನು ಕಳುಹಿಸಿದ್ದಕ್ಕೆ ಅಜ್ಜಿಗೆ ಏನು ಸಿಕ್ಕಿತು?"

ಫ್ರೀ ಏಜೆಂಟ್ ಹೊರಟರೂ ಹಳೆಯ ಕ್ಲಬ್‌ಗೆ ಪರಿಹಾರವಾಗಿ ಡ್ರಾಫ್ಟ್‌ನಲ್ಲಿ ಒಂದು ಆಯ್ಕೆ ಕೊಡುವ ಪದ್ಧತಿ ಇಲ್ಲಿದೆ. ಅವಳಿಗೆ ಅದು ಗೊತ್ತು, ಆದ್ದರಿಂದಲೇ ಆ ಪ್ರಶ್ನೆ. ನಾನು ಅವಳಿಗೆ ಉತ್ತರ ಹೇಳಲಿಲ್ಲ. ಇದನ್ನು ಓದುವ ನಿಮ್ಮಲ್ಲಿ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಾಗಿಯೂ ಇಲ್ಲ.

ಆದರೆ ಅಂದಿನಿಂದ ಇನ್ನೊಂದು ವಿಷಯ ಕಾಡುತ್ತಿದೆ. ನಮ್ಮ ಕನ್ನಡ ತರಗತಿಯನ್ನು ಮೊದಲಿನಿಂದ ನಡೆಸಿಕೊಂಡು ಬಂದ ದಂಪತಿ ಡಿಸೆಂಬರಿನಲ್ಲಿ ಪರ್ತ್‌ಗೆ ಹೋಗುತ್ತಿದ್ದಾರೆ. ಕೆಲಸದ ನಿಮಿತ್ತ, ಯಾರೂ ತಡೆಯುವಂತಿಲ್ಲ. ದಸರಾ ವೇದಿಕೆಯಲ್ಲಿ ಶಾಲು ಹೊದಿಸಿ ಹಾರ ಹಾಕಿ ಫೋಟೋ ತೆಗೆದು ಐದು ನಿಮಿಷದಲ್ಲಿ ಅವರನ್ನು ಬೀಳ್ಕೊಟ್ಟೆವು. ಅದೇ ಸಂಜೆ ಒಂದು ಗಂಟೆ ಕರ್ನೌ ಬಗ್ಗೆ ವಾದಿಸಿದೆವು. ಕರ್ನೌ ಬಗ್ಗೆ ವಾದಿಸಿದ್ದು ತಪ್ಪೆಂದು ಹೇಳುತ್ತಿಲ್ಲ. ಮನಸ್ಸಿಗೆ ಹತ್ತಿರವಾದವರು ಹೊರಟಾಗ ಜನ ಹೀಗೇ ಬಡಿದಾಡಬೇಕು. ಯಾಕೆ ಹೋಗುತ್ತಿದ್ದಾರೆ, ಹೊರೆ ಹೆಚ್ಚಾಯಿತೇ, ಅವರಿಲ್ಲದೆ ತಂಡ ಹೇಗೆ ನಿಲ್ಲಿಸುವುದು, ಎಳೆಯರಲ್ಲಿ ಯಾರಿದ್ದಾರೆ ಎಂದು ರಾತ್ರಿಯೆಲ್ಲ ಕೂತು ಮಾತಾಡಬೇಕು. ನಮ್ಮ ತರಗತಿಯ ಬಗ್ಗೆ ಆ ಮಾತು ನಡೆಯಲೇ ಇಲ್ಲ. ಪ್ರತಿ ವಾರ ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಜೋಡಿಸಿ, ಬಿಳಿ ಹಲಗೆಯ ಮೇಲೆ ಅಂದಿನ ಅಕ್ಷರ ಬರೆದಿಡುತ್ತಿದ್ದವರು ಅವರು. ಆ ಅಕ್ಷರಗಳನ್ನು ಓದಿಯೇ ನನ್ನ ಮಗಳು ಅಜ್ಜಿಗೆ ಸ್ವಂತ ಕೈಯಿಂದ ಪತ್ರ ಬರೆದಳು. ಇನ್ನೂ ಎರಡು ತಿಂಗಳು ಅವರು ನಮ್ಮ ನಡುವೆ ಇರುತ್ತಾರೆ. ಅಷ್ಟರೊಳಗೆ ಅವರ ಬಳಿ ಕೂತು, ಪಾಠದ ಕ್ರಮ ಬರೆದುಕೊಂಡು, ಯಾವ ಮಗು ಎಲ್ಲಿ ತಡವರಿಸುತ್ತದೆ ಎಂದು ಕೇಳಿಕೊಳ್ಳುವವರು ಬೇಕು.

ಈಗ ಪ್ರಕಟಣೆಗಳು, ಜಾಗ ಕಡಿಮೆ. ರಾಜ್ಯೋತ್ಸವ ನವೆಂಬರ್ 1, ಶನಿವಾರ ಸಂಜೆ. ಮಾಮೂಲಿನ ಸಭಾಂಗಣವೇ, ಧ್ವಜಾರೋಹಣ ಸಮಯಕ್ಕೆ ಸರಿಯಾಗಿ ನಡೆಯುತ್ತದೆ. ನಾಡಗೀತೆಗೆ ಹೆಸರು ಕೊಟ್ಟ ಮಕ್ಕಳು ಹಿಂದಿನ ಎರಡು ಭಾನುವಾರ ಅಭ್ಯಾಸಕ್ಕೆ ಬರಲೇಬೇಕು. ಊಟಕ್ಕೆ ಮನೆಯಿಂದಲೇ ತಟ್ಟೆ ಲೋಟ ತನ್ನಿ. ಮೆಲ್ಬರ್ನ್ ಕಪ್ ರಜೆ ನವೆಂಬರ್ 4ಕ್ಕಿದೆ, ಅದಕ್ಕೆ ಮೊದಲಿನ ಭಾನುವಾರ ತರಗತಿಗೆ ರಜೆ. ಸದಸ್ಯತ್ವ ನವೀಕರಣ ಮಾಡದವರು ದಯವಿಟ್ಟು ಮಾಡಿ. ಓದಿ ಮುಗಿಸಿದ ಕನ್ನಡ ಪುಸ್ತಕಗಳನ್ನು ನಮ್ಮ ಕಪಾಟಿಗೆ ಕೊಡಿ, ಮಕ್ಕಳ ಪುಸ್ತಕಗಳಾದರೆ ಇನ್ನೂ ಒಳ್ಳೆಯದು. ಹಾರ್ಮೋನಿಯಂ ರಿಪೇರಿ ಬಲ್ಲವರಿದ್ದರೆ ತಬಲಾ ಮಾಸ್ತರರನ್ನು ಕಾಣಿ. ಈ ಪತ್ರಿಕೆಯ ಪುಟ ಜೋಡಿಸಲು ಇನ್ನೊಬ್ಬರು ಬೇಕು. ಈಗ ಮಾಡುತ್ತಿರುವವರ ಮನೆಯಲ್ಲಿ ಮಗು ಹುಟ್ಟಲಿದೆ.

ತರಗತಿಗೆ ಕಡೇಪಕ್ಷ ಇಬ್ಬರು ಬೇಕು. ವ್ಯಾಕರಣ ಬರಬೇಕೆಂದಿಲ್ಲ, ಮಕ್ಕಳ ಜೊತೆ ಕನ್ನಡದಲ್ಲಿ ಮಾತಾಡುವ ತಾಳ್ಮೆ ಸಾಕು. ಮಕ್ಕಳೊಂದಿಗೆ ಕೆಲಸ ಮಾಡುವವರಿಗೆ ವಿಕ್ಟೋರಿಯಾದಲ್ಲಿ ಬೇಕಾಗುವ ಪರವಾನಗಿ ಸ್ವಯಂಸೇವಕರಿಗೆ ಉಚಿತ. ಅರ್ಜಿ ತುಂಬಲು ಜೊತೆಗೆ ಕೂರುತ್ತೇನೆ. ಬರುವ ಭಾನುವಾರ ತರಗತಿ ಮುಗಿದ ಮೇಲೆ ಆ ದಂಪತಿಯೂ ನಾನೂ ಪುಸ್ತಕದ ಕಪಾಟಿನ ಬಳಿ ಇರುತ್ತೇವೆ. ವಾರಕ್ಕೆ ಒಂದೇ ಗಂಟೆ ಬಿಡುವಿದ್ದರೂ ಬನ್ನಿ.