ಉನ್ನತ ಶಿಕ್ಷಣ ಸಚಿವರಿಗೆ: ನನ್ನ ಅಂಗಡಿಯ ಮೊಹರು ಇನ್ನು ಸಿಗುವುದಿಲ್ಲ

ಮಾನ್ಯ ಸಚಿವರೇ,

ದಾವಣಗೆರೆಯ ಎಪಿಎಂಸಿ ಪ್ರಾಂಗಣದಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ ನಡೆಸುವವನು ನಾನು. ಆರು ವರ್ಷಗಳಿಂದ ಬಿಬಿಎ, ಬಿಕಾಂ ಓದುವ ಮಕ್ಕಳು ನನ್ನಲ್ಲಿಗೆ ಬರುತ್ತಿದ್ದಾರೆ. ಕೆಲಸ ಕಲಿಯಲಿಕ್ಕಲ್ಲ, ನಾಲ್ಕು ವಾರ ಕಲಿತೆವೆಂಬ ಪತ್ರಕ್ಕೆ ಮೊಹರು ಹಾಕಿಸಿಕೊಳ್ಳಲಿಕ್ಕೆ. ಮಕ್ಕಳ ಅಂಕ ಹೋದೀತೆಂಬ ಅಳುಕಿನಿಂದ ನಾನೂ ಹಾಕಿಕೊಟ್ಟಿದ್ದೇನೆ. ಆ ತಪ್ಪು ನನ್ನದೇ. ಕೆಲಸದ ಜಾಗದಲ್ಲೇ ಇದ್ದು ಕಲಿಯಬೇಕೆಂಬುದು ಇಂಟರ್ನ್‌ಶಿಪ್ಪಿನ ಉದ್ದೇಶವೆಂದು ತಮಗೆ ನಾನು ಹೇಳಬೇಕಾದ್ದಿಲ್ಲ.

ಕಳೆದ ವಾರ ಒಬ್ಬನೇ ಹುಡುಗ 14 ಜನರ ವರದಿಗಳನ್ನು ಚೀಲದಲ್ಲಿ ಹೊತ್ತು ತಂದ. ಜೆರಾಕ್ಸ್ ಅಂಗಡಿಯಲ್ಲಿ ಬೈಂಡ್ ಮಾಡಿಸಿದ, ರಟ್ಟಿನ ಮೇಲೆ ಚಿನ್ನದ ಬಣ್ಣದ ಅಕ್ಷರಗಳಿದ್ದ ಪುಸ್ತಕಗಳು. ಒಂದನ್ನು ತೆರೆದರೆ ನನ್ನ ಅಂಗಡಿಯ ‘ಮಾನವ ಸಂಪನ್ಮೂಲ ವಿಭಾಗ’ದ ಬಗ್ಗೆಯೇ ಒಂಬತ್ತು ಪುಟ! ನನ್ನಲ್ಲಿರುವುದು ಒಬ್ಬ ಗುಮಾಸ್ತರು, ಒಂದು ತೂಕದ ಯಂತ್ರ. ಮುಂದಿನ ಪುಟಗಳಲ್ಲಿ ಮೆಕ್ಕೆಜೋಳದ ಸುಳಿವೇ ಇಲ್ಲ, ಯಾವುದೋ ಸಿಮೆಂಟ್ ಕಾರ್ಖಾನೆಯ ಮಾರಾಟದ ಲೆಕ್ಕ. ಇದಕ್ಕೆ ಕಾಲೇಜಿನ ಮಾರ್ಗದರ್ಶಕರ ಸಹಿಯೂ ಆಗಿತ್ತು. ಅವರು ಓದಿದ್ದರೋ, ತೂಕ ನೋಡಿ ಸಹಿ ಹಾಕಿದ್ದರೋ, ತಮ್ಮ ಇಲಾಖೆಯೇ ಹೇಳಬೇಕು.

ಸಿಟ್ಟಿನಲ್ಲೇ ಹುಡುಗನನ್ನು ರಾಶಿಯ ಬಳಿ ಕರೆದೊಯ್ದು, ತೇವಾಂಶ ಶೇ. 14 ದಾಟಿದರೆ ದರ ಏಕೆ ಬೀಳುತ್ತದೆಂದು ಕೇಳಿದೆ. ಗೊತ್ತಿರಲಿಲ್ಲ. ಒಂದು ಕಾಳನ್ನು ಕಡಿದು ನೋಡಲು ಹೇಳಿದೆ; ಹಸಿ ಕಾಳು ಹಲ್ಲಿಗೆ ಮೆತ್ತಗೆ ಸಿಕ್ಕಿತು, ನಕ್ಕ. ಸಂಜೆಯವರೆಗೆ ಗುಮಾಸ್ತರ ಪಕ್ಕ ಕುಳಿತು ದಿನದ ವ್ಯವಹಾರ ಬರೆಯುವ ಕಿರ್ದಿಯಿಂದ ಲೆಕ್ಕಗಳನ್ನು ಖಾತೆಗೆ ಏರಿಸಿದ. ರೈತರೊಬ್ಬರ ಲೆಕ್ಕದ ಪಟ್ಟಿಯಲ್ಲಿ ಹಮಾಲಿ ಕೂಲಿ ಎರಡು ಸಲ ಕಡಿತವಾಗಿದ್ದನ್ನು ಅವನೇ ಹಿಡಿದ. ನನಗೆ ನಾಚಿಕೆಯಾಯಿತು, ಗುಮಾಸ್ತರಿಗೆ ಇನ್ನೂ ಹೆಚ್ಚು.

ದಯವಿಟ್ಟು ಮಕ್ಕಳನ್ನು ನಿಜವಾಗಿ ಕಳುಹಿಸಿ. ಚನ್ನಗಿರಿಯ ಅಡಿಕೆ ಮಂಡಿಗಳಿವೆ, ಚಳ್ಳಕೆರೆಯ ಎಣ್ಣೆ ಗಿರಣಿಗಳಿವೆ, ನಮ್ಮೂರಿನ ಮಂಡಕ್ಕಿ ಭಟ್ಟಿಗಳಿವೆ. ಉದ್ರಿ ವಸೂಲಿಯಿಂದ ಹಿಡಿದು ಜಿಎಸ್‌ಟಿವರೆಗೆ ಕಲಿಸಬಲ್ಲವರು ಅಲ್ಲೆಲ್ಲ ಕುಳಿತಿದ್ದಾರೆ. ಅವರನ್ನು ಮಾರ್ಗದರ್ಶಕರೆಂದು ಒಪ್ಪಿಕೊಳ್ಳಿ. ವಾರಕ್ಕೊಮ್ಮೆಯಾದರೂ ಉಪನ್ಯಾಸಕರು ಅಂಗಡಿಗೆ ಬರಲಿ, ಅತಿಥಿ ಉಪನ್ಯಾಸಕರಾದರೆ ಆ ಗಂಟೆಗೂ ಗೌರವಧನ ಕೊಡಿ. ಮೌಖಿಕ ಪರೀಕ್ಷೆ ಚೀಲಗಳ ನಡುವೆಯೇ ನಡೆಯಲಿ. ಮತ್ತೆ ಕೇಳುತ್ತೇನೆ, ಮಕ್ಕಳನ್ನು ಕಳುಹಿಸಿ, ರಟ್ಟಿನ ಪುಸ್ತಕಗಳನ್ನಲ್ಲ.

ಆ ಹುಡುಗ ಸೋಮವಾರದಿಂದ ಬರುತ್ತಿದ್ದಾನೆ. ಉಳಿದ 13 ವರದಿಗಳು ಮೊಹರಿಲ್ಲದೆ ನನ್ನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿವೆ. ತಮ್ಮ ಅಧಿಕಾರಿಗಳು ಯಾವಾಗ ಬೇಕಾದರೂ ಬಂದು ಓದಬಹುದು. ಮಾನವ ಸಂಪನ್ಮೂಲ ವಿಭಾಗದವರು ಚಹಾ ತರಿಸಿಕೊಡುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ದಲಾಲಿ ವರ್ತಕ, ದಾವಣಗೆರೆ