ಮಗಳಿಗೊಂದು ಪತ್ರ: ಚೌತಿಯ ಕಡುಬು

ಮಂಗಳೂರು

ಪ್ರೀತಿಯ ಪುಟ್ಟಿ,

ನೀನು ಕಳಿಸಿದ 5,000 ರೂಪಾಯಿಯಲ್ಲಿ ಬೆಲ್ಲ, ತೆಂಗಿನಕಾಯಿ ತಂದೆವು. ಚೌತಿಯ ಬೆಳಿಗ್ಗೆ ಫೋನ್ ಮಾಡಿ, "ಅಮ್ಮ, 300 ಜನರಿಗೆ ಕಡುಬು ಯಾಕೆ? ಅಂಗಡಿಯ ಲಾಡು ಕೊಟ್ಟರೆ ಆಗಲ್ವಾ?" ಅಂತ ಕೇಳಿದೆಯಲ್ಲ. ಆಗ ನನ್ನ ಕೈಯೆಲ್ಲ ಹಿಟ್ಟು. ಉತ್ತರ ಹೇಳಲು ಆಗಲಿಲ್ಲ.

ನಮ್ಮ ಬೀದಿಯವರು ಊಟ ಹಾಕುವುದು ವೆನ್ಲಾಕ್ ಆಸ್ಪತ್ರೆಯಲ್ಲಿ ರೋಗಿಗಳ ಜೊತೆಗೆ ಇರುವವರಿಗೆ. 1848ರಲ್ಲಿ ಶುರುವಾದ ಆಸ್ಪತ್ರೆ ಅದು. ಚಿಕ್ಕಮಗಳೂರು, ಕೊಡಗು, ಆಚೆ ಕಾಸರಗೋಡಿನಿಂದಲೂ ಜನ ಬರುತ್ತಾರೆ. ಔಷಧಿಗೆ ಇಷ್ಟು, ಬಸ್ಸಿಗೆ ಇಷ್ಟು ಅಂತ ಲೆಕ್ಕ ಹಾಕಿ, ಚಾ ಮತ್ತು ಬನ್ನಿನಲ್ಲೇ ದಿನ ಕಳೆಯುವವರನ್ನು ನಾನು ನೋಡಿದ್ದೇನೆ. ಮಾಮೂಲಿ ದಿನ ಊಟ ಕೊಡುವ ಪುಣ್ಯವಂತರು ಊರಲ್ಲಿ ಇದ್ದಾರೆ. ನಾವು ಹಬ್ಬದ ದಿನವನ್ನು ಹಿಡಿದುಕೊಂಡೆವು.

ಯಾಕೆ ಅಂದರೆ, 2003ರ ಚೌತಿಗೆ ನಿನ್ನ ಅಪ್ಪನ ಕಾಲು ಮುರಿದು ನಾವೂ ಒಂದು ಆಸ್ಪತ್ರೆಯಲ್ಲಿದ್ದೆವು. ನಿನಗೆ ನಾಲ್ಕು ವರ್ಷ. ಪಕ್ಕದ ಮಂಚದವರಿಗೆ ಮನೆಯಿಂದ ಬುತ್ತಿ ಬಂದಿತ್ತು. ಆ ಅಜ್ಜಿ ನಿನ್ನ ಕೈಗೊಂದು ಕಡುಬು ಇಟ್ಟರು. ನೀನು ತಿಂದು ಎಲೆ ಬಿಸಾಡಿದೆ. ನಾನು ಆ ಎಲೆ ಎತ್ತಿಕೊಂಡು ಮೂಸಿದೆ ಪುಟ್ಟಿ. ಅರಶಿನ ಎಲೆ. ಆಗಲೇ ನನಗೆ ಇವತ್ತು ಚೌತಿ ಅನ್ನಿಸಿದ್ದು. ಇಷ್ಟು ವರ್ಷ ಇದನ್ನು ನಿನಗೆ ಹೇಳಿರಲಿಲ್ಲ. ಲಾಡು ಯಾಕೆ ಬೇಡ ಅಂತ ಈಗ ಗೊತ್ತಾಯಿತಲ್ಲ?

ಕೆಲಸ ಇದೆ, ನಿಜ. ಮಳೆಗಾಲದಲ್ಲಿ ಅರಶಿನ ಎಲೆಗೆ ಬರ ಇಲ್ಲ, ಹಿತ್ತಲು ಹಿತ್ತಲಿನಿಂದ ಬಂತು. ದೇವಸ್ಥಾನದ ಜಾತ್ರೆಗೆ ಹೊರೆಕಾಣಿಕೆ ಬರುವ ಹಾಗೆ ಅಕ್ಕಿ, ಅಲಸಂಡೆ, ಸೌತೆಕಾಯಿ ಕೂಡ ಒಂದೊಂದು ಮನೆಯಿಂದ ಬಂತು. ಹಸಿ ಹೂರಣ ರಾತ್ರಿ ಮಾಡಿಟ್ಟರೆ ಹಳಸುತ್ತದೆ. ಹಾಗಾಗಿ ಬೆಳಗಿನ ಜಾವ 3 ಗಂಟೆಗೆ ಕಾಯಿ ತುರಿಯಲು ಕೂತೆವು. ಎದುರು ಮನೆಯ ಬಾಯಮ್ಮ ಎಲ್ಲರಿಗಿಂತ ಮೊದಲು ಬಂದಿದ್ದರು. ಮೇರಿ ಮಾತೆ ಹುಟ್ಟಿದ ದಿನ ಅಂತ ಕ್ರೈಸ್ತರಾದ ಅವರು ಮಾಡುವ ಮೊಂತಿ ಹಬ್ಬ ಸೆಪ್ಟೆಂಬರ್ 8ಕ್ಕೆ. ಅವತ್ತು ಅವರ ಮನೆಯಲ್ಲೂ ಹೊಸ ಅಕ್ಕಿ, ಬರೀ ತರಕಾರಿ ಊಟ. ಈ ಕಡುಬಿಗೆ ಅವರು ಪತೋಳಿ ಅನ್ನುತ್ತಾರೆ. ಎಲೆಗೆ ಹಿಟ್ಟನ್ನು ಅಷ್ಟು ತೆಳ್ಳಗೆ ಹಚ್ಚುವವರು ನಮ್ಮ ಬೀದಿಯಲ್ಲಿ ಬೇರೆ ಯಾರೂ ಇಲ್ಲ. ನಾನು ಹಚ್ಚಿದರೆ ದಪ್ಪ ಆಗುತ್ತದೆ, ನೀನು ಬಲ್ಲೆ. ಅವರು ಹಚ್ಚಿ ಕೊಟ್ಟರು, ನಾನು ಕಾಯಿ, ಬೆಲ್ಲ, ಏಲಕ್ಕಿ ತುಂಬಿ ಮಡಚಿ ಅಟ್ಟಿನಳಗೆಯಲ್ಲಿ ಇಟ್ಟೆ. ಹಬೆ ಏಳುವ ಹೊತ್ತಿಗೆ ಇಡೀ ಬೀದಿಗೆ ಪರಿಮಳ.

30 ಕೆ.ಜಿ. ಅಕ್ಕಿಯ ಅನ್ನ, ಸಾರು, ಹುಳಿ ಎಲ್ಲ ಭಟ್ರು ನೋಡಿಕೊಂಡರು. ಹಂಪನಕಟ್ಟೆಯ ಹತ್ತಿರ ಒಂದು ಹಾಲ್ ಸಿಕ್ಕಿತು. ಬಾಳೆ ಎಲೆ ಹಾಕಿ, ಕೂರಿಸಿಯೇ ಬಡಿಸಿದೆವು. ಟೋಕನ್ ಇಲ್ಲ, ಫೋಟೋ ಇಲ್ಲ. ಫೋಟೋ ಬೇಡ ಅಂತ ನಾನೇ ಹಟ ಹಿಡಿದೆ. ಅನ್ನಕ್ಕೆ ಕೈ ಹಾಕಿದವರ ಮುಖಕ್ಕೆ ಕ್ಯಾಮೆರಾ ಹಿಡಿಯಬಾರದು.

ಕೊಪ್ಪ ಕಡೆಯ ಒಬ್ಬರು ಕಡುಬು ಬಿಚ್ಚಿ ಸುಮ್ನೆ ಕೂತುಬಿಟ್ಟರು. ಉಪ್ಪು ಬೇಕಾ, ಹುಳಿ ಬೇಕಾ ಅಂತ ಕೇಳಿದೆ. "ಈ ಎಲೆ ನಮ್ಮ ಹಿತ್ತಲಲ್ಲೂ ಇದೆ. ಈ ಸಲ ಕೊಯ್ಯುವವರು ಇಲ್ಲ" ಅಂದರು. ಏಳುವಾಗ ತುಂಬಾ ಸಂಕೋಚದಿಂದ, "ಮಗ ವಾರ್ಡಿನಲ್ಲಿದ್ದಾನೆ, ಅವನಿಗೊಂದು ಕೊಡ್ತೀರಾ?" ಅಂತ ಕೇಳಿದರು. ಕೊಟ್ಟೆ. ಆದರೆ ಅವರು ಕೇಳುವ ಹಾಗೆ ಆಯಿತಲ್ಲ, ಅದು ನನಗೆ ಇನ್ನೂ ಚುಚ್ಚುತ್ತಿದೆ. ನಾವೇ ಮೊದಲು ಯೋಚನೆ ಮಾಡಬೇಕಿತ್ತು.

ಬರುವ ವರ್ಷ ಸಿಹಿ ತಿನ್ನಬಹುದಾದ ರೋಗಿಗಳಿಗೂ ಒಂದೊಂದು ಕಟ್ಟಿಕೊಡುವುದು ಅಂತ ಮಾತಾಗಿದೆ. ಅಂದರೆ 600 ಕಡುಬು. 600 ಎಲೆ ಹರಿಯದ ಹಾಗೆ ತೊಳೆದು, ಒರೆಸಿ ಇಡಬೇಕು. ಆ ಕೆಲಸ ನಿನಗೆ ಇಟ್ಟಿದ್ದೇನೆ. ಮುಂದಿನ ಸಲ ದುಡ್ಡು ಬೇಡ. ರಜೆ ಹಾಕಿ ಹಿಂದಿನ ದಿನವೇ ಬಾ.

ನಿನ್ನ
ಅಮ್ಮ