ನಾನು ಹಾಕದ ಆ್ಯಪ್ ನನ್ನ ಫೋನಿಗೆ ಬಂದದ್ದು ಹೇಗೆ?

ಇವರಿಗೆ,
ಗ್ರಾಹಕ ಸೇವಾ ವಿಭಾಗ, ನನ್ನ ಫೋನ್ ತಯಾರಿಸಿದ ಕಂಪನಿ

ವಿಷಯ: ಕೇಳದೆ ಇನ್‌ಸ್ಟಾಲ್ ಆಗುತ್ತಿರುವ ಆ್ಯಪ್‌ಗಳ ಬಗ್ಗೆ ಎರಡನೇ ದೂರು

ನಮಸ್ಕಾರ,

ಮೊದಲ ಪತ್ರಕ್ಕೆ ನಿಮ್ಮಿಂದ ಮೂರು ಸಾಲಿನ ಉತ್ತರ ಬಂತು. ಗ್ರಾಹಕರ ಅನುಭವ ಚೆನ್ನಾಗಿರಲಿ ಅಂತ ಕೆಲವು ಆ್ಯಪ್ ಕೊಡುತ್ತೀರಂತೆ, ಬೇಡವಾದರೆ ತೆಗೆದುಹಾಕಬಹುದಂತೆ, ಬರೆದದ್ದಕ್ಕೆ ಧನ್ಯವಾದವಂತೆ. ನನ್ನ ಪತ್ರವನ್ನು ಯಾರೂ ಪೂರ್ತಿ ಓದಿಲ್ಲ ಅನ್ನೋದು ಅಲ್ಲೇ ಗೊತ್ತಾಯಿತು. ತೆಗೆಯೋದು ಹೇಗೆ ಅಂತ ನಾನು ಕೇಳಿರಲಿಲ್ಲ. ಹಾಕೋಕೆ ಹೇಳಿದವರು ಯಾರು ಅಂತ ಕೇಳಿದ್ದೆ.

ಆದದ್ದನ್ನು ಇನ್ನೊಮ್ಮೆ ಹೇಳುತ್ತೇನೆ. ಒಂದು ರಾತ್ರಿ ಭದ್ರತಾ ಅಪ್‌ಡೇಟ್ ಬಂದಿದೆ ಅಂತ ಫೋನ್ ತೋರಿಸಿತು. ಭದ್ರತೆ ಅಂದಮೇಲೆ ಬೇಡ ಅನ್ನೋಕಾಗುತ್ತಾ, ಸರಿ ಅಂತ ಒತ್ತಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಎರಡು ಗೇಮ್, ಒಂದು ಶಾಪಿಂಗ್ ಆ್ಯಪ್ ಬಂದು ಕೂತಿವೆ. ಮೂರನ್ನೂ ತೆಗೆದೆ. ಐದನೇ ದಿನ ಅದರಲ್ಲೊಂದು ಗೇಮ್ ವಾಪಸ್ ಬಂತು, ಹೊಸದೊಂದನ್ನು ಜೊತೆಗೆ ಕರೆದುಕೊಂಡು.

ಆಗ ನನಗೆ ಹಟ ಬಂತು. ಸೆಟ್ಟಿಂಗ್ಸ್‌ಗೆ ಹೋಗಿ ಆ ಗೇಮಿನ ಮಾಹಿತಿ ಪುಟ ತೆರೆದೆ. ಆ್ಯಪ್ ಎಲ್ಲಿಂದ ಇನ್‌ಸ್ಟಾಲ್ ಆಯಿತು ಅಂತ ಆ ಪುಟದ ಕೊನೆಯಲ್ಲಿ ಒಂದು ಸಾಲು ಇರುತ್ತದೆ. ಅಲ್ಲಿ ಪ್ಲೇ ಸ್ಟೋರ್ ಹೆಸರು ಇರಲಿಲ್ಲ, ನಿಮ್ಮದೇ ಒಂದು ಸಿಸ್ಟಮ್ ಆ್ಯಪಿನ ಹೆಸರಿತ್ತು. ಅದಕ್ಕೆ ಐಕಾನ್ ಇಲ್ಲ, ತೆರೆಯೋಕೆ ಬರೋಲ್ಲ, ಪಟ್ಟಿಯಲ್ಲಿ ಸಿಸ್ಟಮ್ ಆ್ಯಪ್‌ಗಳನ್ನೂ ತೋರಿಸು ಅಂತ ಹೇಳಿದರೆ ಮಾತ್ರ ಕಣ್ಣಿಗೆ ಬೀಳುತ್ತದೆ.

ಇದರ ಒಳಗುಟ್ಟು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಾನು ಹಾಕಿಕೊಂಡ ಒಂದು ಸಾಮಾನ್ಯ ಆ್ಯಪ್ ಇನ್ನೊಂದು ಹೊಸ ಆ್ಯಪನ್ನು ತರಬೇಕಾದರೆ ಆಂಡ್ರಾಯ್ಡ್ ನನ್ನನ್ನು ಕೇಳುತ್ತದೆ. ಆದರೆ ಕಾರ್ಖಾನೆಯಲ್ಲೇ ಸಿಸ್ಟಮ್ ಭಾಗದೊಳಗೆ ಕೂರಿಸಿ ಕಳಿಸಿದ ಆ್ಯಪ್‌ಗೆ ‘ಇನ್‌ಸ್ಟಾಲ್ ಪ್ಯಾಕೇಜಸ್’ ಅನ್ನೋ ವಿಶೇಷ ಅನುಮತಿ ಕೊಟ್ಟುಬಿಟ್ಟರೆ ಮುಗಿಯಿತು, ಆಮೇಲೆ ಅದು ಯಾರನ್ನೂ ಕೇಳಬೇಕಿಲ್ಲ. ಆ ಅನುಮತಿ ಕೊಟ್ಟವರು ನೀವು. ಫೋನ್ ಕೊಂಡವನು ನಾನು. ತಮಾಷೆಯಾಗಿದೆ ಅಲ್ವಾ?

2015ರಲ್ಲಿ ಆಂಡ್ರಾಯ್ಡ್ 6 ಬಂದಾಗಿನಿಂದ ಲೊಕೇಶನ್, ಮೈಕ್, ಕ್ಯಾಮೆರಾ ಬೇಕಾದ ಆ್ಯಪ್ ಬಳಸುವ ಹೊತ್ತಿಗೆ ನಮ್ಮನ್ನು ಕೇಳಬೇಕು. ನಿಮ್ಮ ಈ ಐಕಾನ್ ಇಲ್ಲದ ಆ್ಯಪ್‌ಗೆ ಲೊಕೇಶನ್ ಮತ್ತು ಫೋನ್ ಅನುಮತಿ ಎರಡೂ ಆಗಲೇ ಸಿಕ್ಕಿದ್ದವು. ನಾನಂತೂ ಕೊಟ್ಟಿಲ್ಲ. ಜೊತೆಗೆ ಫೋನಿನಲ್ಲಿರುವ ಎಲ್ಲ ಆ್ಯಪ್‌ಗಳ ಪಟ್ಟಿ ಓದುವ ಅನುಮತಿಯೂ ಅದಕ್ಕಿದೆ. ನಿಮ್ಮ ಕಡೆಯ ಹುಡುಗನಿಗೆ ಫೋನಿನಲ್ಲಿ ಇದನ್ನು ಹೇಳಿದರೆ, ಬರೀ ಹೆಸರುಗಳು ಸಾರ್, ಅದರಲ್ಲೇನಿದೆ ಅಂದ. ಏನಿದೆ ಅಂದರೆ, ಒಬ್ಬರ ಫೋನಿನಲ್ಲಿ ಸಕ್ಕರೆ ಕಾಯಿಲೆಯ ಲೆಕ್ಕ ಇಡುವ ಆ್ಯಪ್ ಇರುತ್ತದೆ, ಇನ್ನೊಬ್ಬರದ್ದರಲ್ಲಿ ಮುಟ್ಟಿನ ದಿನದ ಲೆಕ್ಕ, ಮತ್ತೊಬ್ಬರದ್ದರಲ್ಲಿ ಸಾಲದ ಆ್ಯಪ್, ಪ್ರಾರ್ಥನೆಯ ಆ್ಯಪ್, ಈಗಿನ ಕಂಪನಿಗೆ ಗೊತ್ತಾಗದ ಹಾಗೆ ಬೇರೆ ಕೆಲಸ ಹುಡುಕುವ ಆ್ಯಪ್. ಒಂದನ್ನೂ ತೆರೆಯೋದು ಬೇಡ, ಹೆಸರು ಓದಿದರೆ ಸಾಕು, ಮನೆಯವರಿಗೂ ಹೇಳದ ಸಂಗತಿ ಹೊರಗೆ ಬರುತ್ತದೆ. 2020ರ ಆಂಡ್ರಾಯ್ಡ್ 11ರಲ್ಲಿ ಈ ಪಟ್ಟಿಯನ್ನು ಕಂಡಕಂಡ ಆ್ಯಪ್‌ಗಳು ನೋಡದ ಹಾಗೆ ಬಿಗಿ ಮಾಡಿದ್ದು ಸುಮ್ನೆ ಅಲ್ಲ.

ಇನ್ನು ನಿಮ್ಮ ‘ತೆಗೆದುಹಾಕಬಹುದು’ ಅನ್ನೋ ಮಾತು. ಗೇಮ್ ತೆಗೆಯಬಹುದು, ನಿಜ. ಅದನ್ನು ತಂದು ಹಾಕುವ ಆ್ಯಪನ್ನು ತೆಗೆಯೋಕಾಗಲ್ಲ. ಅನ್‌ಇನ್‌ಸ್ಟಾಲ್ ಬಟನ್ನೇ ಇಲ್ಲ, ‘ನಿಷ್ಕ್ರಿಯಗೊಳಿಸಿ’ ಅನ್ನೋದು ಬೂದಿ ಬಣ್ಣದಲ್ಲಿ ಸತ್ತು ಬಿದ್ದಿದೆ, ‘ಬಲವಂತವಾಗಿ ನಿಲ್ಲಿಸಿ’ ಒತ್ತಿದರೆ ಒಂದು ಗಂಟೆ ಸುಮ್ಮನಿದ್ದು ಮತ್ತೆ ಶುರು. ಕೊನೆಗೆ ಡೆವಲಪರ್ ಆಯ್ಕೆಗಳನ್ನು ತೆರೆದು, ಕೇಬಲ್ ಹಾಕಿ, ಕಂಪ್ಯೂಟರಿನಿಂದಲೇ ಫೋನಿಗೆ ಆದೇಶ ಕೊಡೋ ಎಡಿಬಿ ಅನ್ನೋ ಸಾಧನದಲ್ಲಿ ಕಮಾಂಡ್ ಕೊಟ್ಟು ಓಡಿಸಿದೆ. ಅದೂ ಪೂರ್ತಿ ಹೋಗಿಲ್ಲ. ನನ್ನ ಬಳಕೆಯಿಂದ ಮಾತ್ರ ಹೋಗಿದೆ, ಫೈಲ್ ಸಿಸ್ಟಮ್ ಭಾಗದಲ್ಲೇ ಇದೆ. ಫ್ಯಾಕ್ಟರಿ ರೀಸೆಟ್ ಮಾಡಿದ ದಿನ ಎದ್ದು ಕೂರುತ್ತದೆ.

ನನಗಾದರೂ ಈ ಸರ್ಕಸ್ ಬಂತು. ಅಮ್ಮನ ಹತ್ತಿರ ಇರೋದೂ ನಿಮ್ಮದೇ ಫೋನು. ಅದೇ ಶಾಪಿಂಗ್ ಆ್ಯಪ್ ಅಲ್ಲಿಗೂ ಬಂದು, ದಿನಕ್ಕೆ ನಾಲ್ಕು ಸಲ ನೋಟಿಫಿಕೇಶನ್ ಕಳಿಸಿ, ಹೆಸರು, ಹುಟ್ಟಿದ ದಿನ, ಮೊಬೈಲ್ ನಂಬರ್ ಎಲ್ಲ ಕೇಳಿದೆ. ಅಮ್ಮ ತುಂಬಿಕೊಟ್ಟಿದ್ದಾರೆ. ಯಾಕಮ್ಮಾ ಕೊಟ್ಟೆ ಅಂದರೆ, “ಫೋನೇ ಕೇಳ್ತಲ್ಲೋ, ಅದಕ್ಕೆ ಕೊಟ್ಟೆ” ಅಂದರು. ನನಗೆ ಸಿಟ್ಟು ಬಂದದ್ದು ಗೇಮ್‌ಗಳಿಗಲ್ಲ, ಈ ಮಾತಿಗೆ. ಫೋನಿನ ಜೊತೆ ಬಂದದ್ದನ್ನು ಅವರು ಫೋನು ಅಂತಲೇ ನಂಬುತ್ತಾರೆ. ಆ ನಂಬಿಕೆಯನ್ನೇ ಅಲ್ವಾ ನೀವು ಯಾರಿಗೋ ಮಾರಿದ್ದು?

ಭಯ ಪಡುವಂಥದ್ದೇನೂ ಇಲ್ಲ ಅಂತ ನಿಮ್ಮ ಹುಡುಗ ಸಮಾಧಾನ ಹೇಳಿದ. ಪಾಪ, ಅವನ ತಪ್ಪಲ್ಲ. ಆದರೆ 2016ರಲ್ಲಿ ಕ್ರಿಪ್ಟೋವೈರ್ ಅನ್ನೋ ಭದ್ರತಾ ಕಂಪನಿ ಏನು ಕಂಡುಹಿಡಿಯಿತು ಅಂತ ಅವನಿಗೆ ಹೇಳಿ. ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಕೆಲವು ಅಗ್ಗದ ಫೋನ್‌ಗಳಲ್ಲಿ ಮೊದಲೇ ಸೇರಿಸಿದ್ದ, ಆಡಪ್ಸ್ ಅನ್ನೋ ಚೀನೀ ಕಂಪನಿಯ ಸಾಫ್ಟ್‌ವೇರ್, ಎಸ್ಸೆಮ್ಮೆಸ್‌ಗಳ ಪೂರ್ತಿ ಪಠ್ಯ, ಕಾಂಟ್ಯಾಕ್ಟ್ ಪಟ್ಟಿ, ಕರೆಗಳ ವಿವರ ಎಲ್ಲವನ್ನೂ ಚೀನಾದ ಸರ್ವರ್‌ಗಳಿಗೆ ಕಳಿಸುತ್ತಿತ್ತು. ಅದರ ಕೆಲಸವೂ ಅಪ್‌ಡೇಟ್ ಕೊಡೋದೇ ಆಗಿತ್ತು.

ನೀವೂ ಹಾಗೇ ಮಾಡುತ್ತೀರಿ ಅಂತ ನಾನು ಹೇಳುತ್ತಿಲ್ಲ. ಮಾಡುತ್ತಿಲ್ಲ ಅಂತ ತಿಳಿಯೋಕೆ ನನಗೆ ದಾರಿ ಇಲ್ಲ, ಅಷ್ಟೇ. ಉದ್ದೇಶ ಒಳ್ಳೆಯದಿದ್ದರೂ ಕೇಳದೆ ಹಾಕಿದರೆ ಜನ ಸುಮ್ಮನಿರಲ್ಲ. 2021ರ ಜೂನ್‌ನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಕೋವಿಡ್ ಎಚ್ಚರಿಕೆಯ ಆ್ಯಪ್ ಜನರ ಆಂಡ್ರಾಯ್ಡ್ ಫೋನ್‌ಗಳಿಗೆ ತಾನೇ ತಾನಾಗಿ ಬಂದಿಳಿದಾಗ ದೊಡ್ಡ ಗಲಾಟೆಯಾಯಿತು, ವಿಷಯ ಕೋರ್ಟಿಗೂ ಹೋಯಿತು. ಅದು ಆರೋಗ್ಯದ ಆ್ಯಪ್. ನಿಮ್ಮದು ಬಣ್ಣದ ಗೋಲಿ ಒಡೆಯುವ ಗೇಮು.

ಫೋನ್ ಮೊದಲ ಸಲ ಆನ್ ಮಾಡಿದಾಗ ನಾನು ಒಪ್ಪಿದ್ದೆ ಅಂತ ಹೇಳಬೇಡಿ, ಅದನ್ನೂ ನೋಡಿದ್ದೇನೆ. ‘ಶಿಫಾರಸು ಮಾಡಿದ ಆ್ಯಪ್‌ಗಳು’ ಅನ್ನೋ ಸಾಲಿಗೆ ಟಿಕ್ ನೀವೇ ಹಾಕಿಟ್ಟಿದ್ದಿರಿ, ಅದೂ ಪರದೆಯ ತೀರಾ ಕೆಳಗೆ. 2019ರಲ್ಲಿ ಕುಕೀಗಳ (ವೆಬ್‌ಸೈಟ್‌ಗಳು ನಮ್ಮನ್ನು ಗುರುತಿಡೋಕೆ ನಮ್ಮ ಸಾಧನದಲ್ಲಿ ಇಡುವ ಸಣ್ಣ ಫೈಲ್‌ಗಳು) ಮೊಕದ್ದಮೆಯಲ್ಲಿ ಯುರೋಪಿನ ನ್ಯಾಯಾಲಯ ಹೇಳಿದ್ದೂ ಇದೇ: ಮೊದಲೇ ಟಿಕ್ ಹಾಕಿದ ಪೆಟ್ಟಿಗೆ ಒಪ್ಪಿಗೆ ಆಗುವುದಿಲ್ಲ.

ಈಗ ನನಗೆ ಬೇಕಾದದ್ದು ಕೇಳಿ. ಆ ಐಕಾನ್ ಇಲ್ಲದ ಆ್ಯಪ್ ನನ್ನ ಮತ್ತು ಅಮ್ಮನ ಫೋನಿನಿಂದ ಇಲ್ಲಿಯವರೆಗೆ ಏನೇನು ಕಳಿಸಿದೆ, ಯಾರಿಗೆ ಕಳಿಸಿದೆ, ಬರಹದಲ್ಲಿ ಹೇಳಿ. ಕಳಿಸಿದ್ದನ್ನು ಅಳಿಸಿ. ಅದನ್ನು ಪೂರ್ತಿ ತೆಗೆಯುವ ಬಟನ್ ಕೊಡಿ, ಅಮ್ಮನೂ ಒತ್ತಬಹುದಾದ ಬಟನ್, ಕೇಬಲ್ ಕಮಾಂಡ್ ಏನೂ ಬೇಡದ್ದು. ಭದ್ರತಾ ಅಪ್‌ಡೇಟ್‌ಗೆ ಜಾಹೀರಾತಿನ ಆ್ಯಪ್ ಅಂಟಿಸೋದನ್ನು ನಿಲ್ಲಿಸಿ, ಇಲ್ಲದಿದ್ದರೆ ಜನ ಹೆದರಿ ಅಪ್‌ಡೇಟನ್ನೇ ಹಾಕಿಕೊಳ್ಳಲ್ಲ, ಅದು ಇನ್ನೂ ದೊಡ್ಡ ಅಪಾಯ. 15 ದಿನ ಕಾಯುತ್ತೇನೆ. ಆಮೇಲೆ ಇದೇ ಪತ್ರ, ಇವೇ ಸ್ಕ್ರೀನ್‌ಶಾಟ್‌ಗಳು ಖಾಸಗಿ ಮಾಹಿತಿ ರಕ್ಷಣೆಯ ಪ್ರಾಧಿಕಾರಕ್ಕೆ ಹೋಗುತ್ತವೆ.

ದೂರಿನ ಫಾರ್ಮಿನಲ್ಲಿ ಐಎಂಇಐ (ಪ್ರತಿ ಫೋನಿಗೂ ಇರುವ ಗುರುತಿನ) ನಂಬರ್, ಫೋನಿನ ಮಾಡೆಲ್, ಈಗಿರುವ ಜಾಗ ಮೂರೂ ಕಡ್ಡಾಯ ಅಂತ ಇತ್ತು. ಖಾಲಿ ಬಿಟ್ಟಿದ್ದೇನೆ. ನಿಮ್ಮ ಆ ಆ್ಯಪನ್ನೇ ಕೇಳಿ.

ಇಂತಿ,
ಫೋನಿಗೆ ದುಡ್ಡು ಕೊಟ್ಟವನು